ಬೆಲ್ಟಿಗೆ ಬೈಯುವ ಮೊದಲು ಪುಲ್ಲಿ ನೋಡಿ

ಅಡಿಕೆ ತೋಟ ಇರುವ ಮನೆಯಲ್ಲಿ ವಿ-ಬೆಲ್ಟ್ ಯಾರಿಗೂ ಹೊಸದಲ್ಲ. ಮಳೆಗಾಲ ಬಂತೆಂದರೆ ಬೋರ್ಡೋ ಮದ್ದು ಬಿಡಬೇಕು, ಇಲ್ಲದಿದ್ದರೆ ಕೊಳೆರೋಗ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದನ್ನು ಗೊನೆಯವರೆಗೆ ಹಾರಿಸುವ ಪಂಪನ್ನು ತಿರುಗಿಸುವುದು ಎಂಜಿನ್ನಿನಿಂದ ಬಂದ ಬೆಲ್ಟು. ಬೆಲ್ಟು ಜಾರಿದರೆ ಕೆಳಗಿದ್ದವರಿಗೆ ಗೊತ್ತಾಗುವ ಮೊದಲೇ ಮರದ ಮೇಲಿದ್ದವನು "ಪ್ರೆಶರ್ ಇಲ್ಲ" ಅಂತ ಕೂಗುತ್ತಾನೆ. ಅಡಿಕೆ ಸುಲಿಯುವ ಯಂತ್ರಕ್ಕೂ ಬೆಲ್ಟು, ಅಕ್ಕಿ ಮಿಲ್ಲಿಗೂ ಬೆಲ್ಟು. ಹಾಗಾಗಿ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೃಷಿಕರು ಗಾಡಿಯ ಬಾನೆಟ್ ತೆಗೆದು ಫ್ಯಾನ್ ಬೆಲ್ಟ್ ನೋಡಿದ ಕೂಡಲೇ "ಇದಾ, ಇದು ನಮಗೆ ಗೊತ್ತಿದ್ದದ್ದೇ" ಅನ್ನುತ್ತಾರೆ.

ಅರ್ಧ ನಿಜ. ಪಂಪಿನ ಬೆಲ್ಟಿನಿಂದ ಕಲಿತದ್ದು ಹಳೆಯ ಜೀಪಿಗೆ ಚೆನ್ನಾಗಿ ಒದಗುತ್ತದೆ. ಹೊಸ ಕಾರಿಗೆ ಅದೇ ತಿಳಿವಳಿಕೆ ಕೆಲವು ಕಡೆ ತೊಂದರೆ ಕೊಡುತ್ತದೆ. ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ಬರೆದಿಡೋಣ ಅನ್ನಿಸಿತು.

ಮನೆಯಲ್ಲೇ ಬೆಲ್ಟ್ ಹಾಕುವ ಅಭ್ಯಾಸ ನನಗೆ ಅಂಟಿಕೊಂಡದ್ದು 2020ರಲ್ಲಿ. ಆ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಬಂತು, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು, ಒಳಗಿನ ಹಲವು ರಸ್ತೆಗಳಿಗೆ ಮಣ್ಣು ಸುರಿದರು. ನಮ್ಮ ಕಡೆಯವರಿಗೆ ಆಸ್ಪತ್ರೆ ಮಂಗಳೂರು, ಬಿಡಿಭಾಗ ವಿಟ್ಲ ಅಥವಾ ಪುತ್ತೂರು. ಆಸ್ಪತ್ರೆಯ ಕಷ್ಟ ಕೋರ್ಟಿನವರೆಗೆ ಹೋಯಿತು, ಅದರ ಮುಂದೆ ಬೆಲ್ಟಿನ ಕಷ್ಟ ಕಷ್ಟವೇ ಅಲ್ಲ. ಆದರೂ ಗ್ಯಾರೇಜು ಬಾಗಿಲು ಹಾಕಿತ್ತು, ಜೀಪು ಬೇಕಿತ್ತು, ಅಟ್ಟದಲ್ಲಿ ಹಿಂದೆ ಯಾವಾಗಲೋ ತಂದಿಟ್ಟ ಬೆಲ್ಟು ಇತ್ತು. ಆವತ್ತಿನಿಂದ ಈ ಕೆಲಸಕ್ಕೆ ನಾನು ಗ್ಯಾರೇಜಿಗೆ ಹೋಗುವುದು ಕಡಿಮೆ. ಹೋದರೂ ಕೆಲಸ ಮಾಡಿಸುವುದಕ್ಕಿಂತ ಮಾತಾಡುವುದು ಜಾಸ್ತಿ.

ಅಲ್ಲಿನ ಮೆಕ್ಯಾನಿಕ್ ನಮ್ಮ ಇಚ್ಚ, ಅಂದರೆ ಅಣ್ಣ. ಇಡೀ ಪೇಟೆಗೇ ಅವರು ಇಚ್ಚ, ನನಗೂ ಹಾಗೆಯೇ. ನಾನು ಶಾಲೆ ಬಿಟ್ಟು ಎಷ್ಟು ಕಾಲವಾದರೂ ಅವರಿಗೆ ನಾನು ಮಾಷ್ಟ್ರೇ. ಒಮ್ಮೆ ಸವೆದ ಬೆಲ್ಟು ಹಿಡಿದುಕೊಂಡು ಹೋಗಿ, ಈಗಿನ ಕಂಪನಿಗಳಿಗೆ ಬೆಲ್ಟು ಮಾಡಲಿಕ್ಕೆ ಬರುವುದಿಲ್ಲ ಅಂತ ಶುರು ಮಾಡಿದ್ದೆ. ಅವರು ಕೈಯಲ್ಲಿದ್ದ ಸ್ಪಾನರ್ ಕೆಳಗಿಡದೆ ಹೇಳಿದರು: "ಮಾಷ್ಟ್ರೇ, ಬೆಲ್ಟಿಗೆ ಸುಮ್ನೆ ಬೈಬೇಡಿ. ಪುಲ್ಲಿ ನೋಡಿದ್ದೀರಾ?"

ಪುಲ್ಲಿ ಅಂದರೆ ಬೆಲ್ಟು ಸುತ್ತಿ ಕೂರುವ ಚಕ್ರ. ಬೆಲ್ಟ್ ಬದಲಿಸುವುದು ಕಷ್ಟವಲ್ಲ. ಅದು ಯಾಕೆ ಸವೆಯಿತು ಅಂತ ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಹುಡುಕದೆ ಹೊಸದು ಹಾಕಿದರೆ ಅದೂ ಅದೇ ರೀತಿ ಹಾಳಾಗುತ್ತದೆ.

ನಮ್ಮದು ಹಳೆಯ ಮಹೀಂದ್ರಾ ಡೀಸೆಲ್ ಜೀಪು. ಅದರಲ್ಲಿ ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿಯಿಂದ ಹೊರಟ ಬೆಲ್ಟು ನೀರಿನ ಪಂಪನ್ನು, ಅದರ ಮುಂದಿರುವ ಫ್ಯಾನನ್ನು, ಬ್ಯಾಟರಿ ತುಂಬುವ ಆಲ್ಟರ್ನೇಟರನ್ನು ತಿರುಗಿಸುತ್ತದೆ. ಇದು ಎಲ್ಲರಿಗೂ ಗೊತ್ತು. ಹಲವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಇಂಥ ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಒಂದು ವ್ಯಾಕ್ಯೂಮ್ ಪಂಪ್ ಇರುತ್ತದೆ. ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರಿಗೆ ಬೇಕಾದ ಎಳೆತ ಅಲ್ಲಿಂದ ಬರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಎಳೆದುಕೊಳ್ಳುವ ಕೊಳವೆಯಲ್ಲೇ ಆ ಎಳೆತ ಸಿಗುತ್ತದೆ. ಹಳೆಯ ಡೀಸೆಲ್ಲಿನಲ್ಲಿ ಗಾಳಿಯನ್ನು ತಡೆಯುವ ಬಾಗಿಲು ಇಲ್ಲ, ಹಾಗಾಗಿ ಬೇರೆ ಪಂಪು ಬೇಕು. ಅಂದರೆ ಫ್ಯಾನ್ ಬೆಲ್ಟು ತುಂಡಾದರೆ ಬ್ಯಾಟರಿ ದೀಪ ಹೊತ್ತಿಕೊಳ್ಳುವುದು, ಎಂಜಿನ್ ಬಿಸಿಯಾಗುವುದು ಮಾತ್ರ ಅಲ್ಲ, ಒಂದೆರಡು ಸಲ ಬ್ರೇಕ್ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಬ್ರೇಕ್ ಹಿಡಿಯುತ್ತದೆ, ಆದರೆ ಕಾಲಿನ ಪೂರ್ತಿ ಬಲ ಹಾಕಬೇಕು. ಮಳೆಯಲ್ಲಿ, ಅಡಿಕೆ ತುಂಬಿದ ಜೀಪಿನಲ್ಲಿ, ಇಳಿಜಾರಿನಲ್ಲಿ ಇದನ್ನು ಮೊದಲ ಸಲ ತಿಳಿದುಕೊಳ್ಳುವುದು ಬೇಡ. ದೀಪ ಹೊತ್ತಿದರೆ ಬದಿಗೆ ನಿಲ್ಲಿಸಿ. "ಇನ್ನು ಸ್ವಲ್ಪ ದೂರ ಅಲ್ವಾ" ಅಂತ ಓಡಿಸಿದರೆ ನೀರು ಸುತ್ತದ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆಗ ಬೆಲ್ಟಿನ ಬೆಲೆ ನೆನಪಿಗೇ ಬರುವುದಿಲ್ಲ.

ತುಂಡಾದ ಬೆಲ್ಟಿನ ಬದಲು ಹಗ್ಗ ಕಟ್ಟಿಕೊಂಡು ಊರು ಮುಟ್ಟಿಸಿದ ಕಥೆಗಳು ಹಳೆಯ ಸರ್ವಿಸ್ ಜೀಪು ಡ್ರೈವರ್‌ಗಳ ಹತ್ತಿರ ಬೇಕಾದಷ್ಟಿವೆ. ನನಗೆ ಅರ್ಧ ನಂಬಿಕೆ. ಆದರೆ ಹಗ್ಗದಲ್ಲಿ ಯಂತ್ರ ತಿರುಗಿಸುವುದು ಹೊಸತೇನಲ್ಲ. ಕಾರ್ಖಾನೆಗಳಲ್ಲಿ ಮೊದಲು ಹಗ್ಗ ಮತ್ತು ಚಪ್ಪಟೆ ಚರ್ಮದ ಬೆಲ್ಟುಗಳೇ ಇದ್ದವು. ಫೋರ್ಡ್ ಮಾಡೆಲ್ ಟಿ ಕಾರಿನ ಫ್ಯಾನ್ ಬೆಲ್ಟು ಕೂಡ ಚಪ್ಪಟೆಯದು. ರಬ್ಬರು ಮತ್ತು ನೂಲು ಸೇರಿಸಿ ವಿ ಆಕಾರದ ಬೆಲ್ಟ್ ಮಾಡಿದ ಹೆಸರು ಅಮೆರಿಕದ ಡೆನ್ವರಿನ ಜಾನ್ ಗೇಟ್ಸ್ ಅವರದು, 1917ರಲ್ಲಿ.

ಆ ವಿ ಆಕಾರದಲ್ಲೇ ಎಲ್ಲ ಇದೆ. ಬೆಲ್ಟು ಪುಲ್ಲಿಯನ್ನು ಹಿಡಿಯುವುದು ಎರಡು ಪಕ್ಕಗಳಿಂದ, ತಳದಿಂದ ಅಲ್ಲ. ಎಳೆದಷ್ಟೂ ಅದು ಪುಲ್ಲಿಯ ತೋಡಿನೊಳಗೆ ಕೂರುತ್ತದೆ, ಪಕ್ಕಗಳನ್ನು ಒತ್ತುತ್ತದೆ. ಬೆಲ್ಟಿನ ಓರೆ ಸುಮಾರು 40 ಡಿಗ್ರಿ, ಪುಲ್ಲಿಯ ತೋಡಿನ ಓರೆ ಅದಕ್ಕಿಂತ ಸ್ವಲ್ಪ ಕಡಿಮೆ, ಬಾಗಿದಾಗ ಬೆಲ್ಟಿನ ಒಳಭಾಗ ಉಬ್ಬುತ್ತದೆ ಅನ್ನುವ ಲೆಕ್ಕದಲ್ಲಿ. ಪಕ್ಕಗಳು ಸವೆದರೆ ಬೆಲ್ಟು ಕೆಳಗಿಳಿಯುತ್ತಾ ಹೋಗುತ್ತದೆ. ಒಂದು ದಿನ ಅದರ ತಳ ತೋಡಿನ ತಳಕ್ಕೆ ತಾಗುತ್ತದೆ. ಅಲ್ಲಿಗೆ ಹಿಡಿತ ಮುಗಿಯಿತು, ಎಷ್ಟು ಟೈಟ್ ಮಾಡಿದರೂ ಜಾರುತ್ತದೆ. ಗುರುತು ಸುಲಭ. ಬೆಲ್ಟು ತೆಗೆದು ಪುಲ್ಲಿಯ ತಳಕ್ಕೆ ಟಾರ್ಚ್ ಹಿಡಿಯಿರಿ. ತಳ ಮಂಕಾಗಿ, ಸ್ವಲ್ಪ ತುಕ್ಕು ಹಿಡಿದ ಹಾಗೆ ಇದ್ದರೆ ಒಳ್ಳೆಯದು. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬೆಲ್ಟು ಅಲ್ಲಿ ಕೂತು ಉಜ್ಜಿದೆ. ಹೊಸ ಬೆಲ್ಟು ಹಾಕಿದ ಮೇಲೂ ಅದು ಪುಲ್ಲಿಯ ಅಂಚಿಗಿಂತ ತೀರಾ ಒಳಗೆ ಹೋದರೆ ಸವೆದದ್ದು ಪುಲ್ಲಿ. ಇಚ್ಚ ಹೇಳಿದ್ದು ಇದನ್ನೇ. ಕೆಂಪು ಕಲ್ಲಿನ ಕೋರೆಗಳ ನಡುವೆ ಓಡಾಡುವ ಗಾಡಿಗಳಲ್ಲಿ ಇದು ಬೇಗ ಆಗುತ್ತದೆ. ಆ ದೂಳು ಬೆಲ್ಟಿನ ಪಕ್ಕಕ್ಕೆ ಅಂಟಿಕೊಂಡು ಮರಳು ಕಾಗದದ ಕೆಲಸ ಮಾಡುತ್ತದೆ.

ಬೆಳಿಗ್ಗೆ ಮಾತ್ರ ಕೀಂಯ್ ಅಂತ ಕೂಗಿ ಆಮೇಲೆ ಸುಮ್ಮನಾಗುವ ಬೆಲ್ಟನ್ನು ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ತಂಪಿಗೆ ಹಾಗೆ" ಅನ್ನುತ್ತಾರೆ. ತಂಪು, ತೇವ ಕಾರಣ ಹೌದು, ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವ ಊರು ನಮ್ಮದು. ಆದರೆ ಇನ್ನೊಂದು ಕಾರಣವೂ ಇದೆ. ಸ್ಟಾರ್ಟ್ ಮಾಡುವಾಗ ಬ್ಯಾಟರಿ ಖರ್ಚಾಗಿರುತ್ತದೆ, ಅದನ್ನು ತುಂಬಲು ಆಲ್ಟರ್ನೇಟರ್ ಆಗ ತುಂಬಾ ದುಡಿಯಬೇಕು. ಬೆಲ್ಟಿನ ಮೇಲೆ ಹೆಚ್ಚು ಭಾರ ಬೀಳುವುದು ಆ ಮೊದಲ ನಿಮಿಷಗಳಲ್ಲೇ. ಆ ಕೂಗು ಎಂದರೆ ಬೆಲ್ಟು ಈಗಾಗಲೇ ಜಾರುತ್ತಿದೆ ಎಂದು ಅರ್ಥ.

ಇನ್ನು ಕೆಲಸಕ್ಕೆ ಬರೋಣ. ಎಂಜಿನ್ ತಣ್ಣಗಿರಬೇಕು, ಕೀ ಕಿಸೆಯಲ್ಲಿರಬೇಕು. ಬ್ಯಾಟರಿಯ ನೆಗೆಟಿವ್ ವಯರ್ ತೆಗೆಯಿರಿ. ಇದನ್ನು ಬಿಡುವವರೇ ಜಾಸ್ತಿ. ಆಲ್ಟರ್ನೇಟರಿಗೆ ಬರುವ ದಪ್ಪ ವಯರಿನಲ್ಲಿ ಕೀ ತೆಗೆದಿದ್ದರೂ ಕರೆಂಟ್ ಇರುತ್ತದೆ. ಸ್ಪಾನರ್ ಅದಕ್ಕೂ ಬಾಡಿಗೂ ಒಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ. ಆಮೇಲೆ ಹಳೆಯ ಬೆಲ್ಟು ಹೋಗುವ ದಾರಿಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಜೀಪಿನ ಒಂದು ಬೆಲ್ಟಿಗೆ ಅದು ಬೇಡ. ಹೊಸ ಕಾರಿಗೆ ಬೇಕೇ ಬೇಕು.

ರೇಡಿಯೇಟರಿಗೂ ಫ್ಯಾನಿಗೂ ನಡುವೆ ಒಂದು ಅಡಿಕೆ ಹಾಳೆ ಇಳಿಬಿಡಿ. ಇದು ನನ್ನ ಸ್ವಂತ ತಂತ್ರ, ಸ್ವಲ್ಪ ಜಂಬವೂ ಇದೆ. ರೇಡಿಯೇಟರಿನ ತೆಳುವಾದ ತಗಡು ಬಾಗುವುದಿಲ್ಲ, ನಿಮ್ಮ ಕೈಯ ಗೆಣ್ಣು ತರಿಯುವುದಿಲ್ಲ. ರಟ್ಟು ಒದ್ದೆಯಾದರೆ ಮುದ್ದೆಯಾಗುತ್ತದೆ, ಹಾಳೆ ಆಗುವುದಿಲ್ಲ.

ಆಲ್ಟರ್ನೇಟರ್ ತೂಗುವ ಉದ್ದದ ಬೋಲ್ಟ್ ಒಂದು, ಸೀಳು ಪಟ್ಟಿಯಲ್ಲಿ ಜಾರುವ ಬೋಲ್ಟ್ ಇನ್ನೊಂದು. ಎರಡನ್ನೂ ಸಡಿಲಿಸಬೇಕು, ಪೂರ್ತಿ ತೆಗೆಯುವುದು ಬೇಡ. ಆಲ್ಟರ್ನೇಟರನ್ನು ಎಂಜಿನ್ ಕಡೆಗೆ ತಳ್ಳಿದರೆ ಬೆಲ್ಟು ಸಡಿಲವಾಗುತ್ತದೆ. ಅದನ್ನು ಫ್ಯಾನಿನ ಒಂದೊಂದೇ ರೆಕ್ಕೆಯ ಮೇಲಿಂದ ದಾಟಿಸಿ ಹೊರಗೆ ತೆಗೆಯಬೇಕು.

ಹೊಸದನ್ನು ಕೈಗೆತ್ತಿಕೊಳ್ಳುವ ಮೊದಲು ನಿಲ್ಲಿ. ಬೆಲ್ಟು ಇಲ್ಲದ ಈ ಹೊತ್ತು ಮತ್ತೆ ಸಿಗುವುದಿಲ್ಲ. ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಸದ್ದಿಲ್ಲದೆ ತಿರುಗಬೇಕು. ಗರಗರ ಅಂದರೆ ಬೇರಿಂಗ್ ಹೋಗಿದೆ. ಫ್ಯಾನನ್ನು ಹಿಡಿದು ಹಿಂದೆ ಮುಂದೆ, ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ನೀರಿನ ಪಂಪಿನ ಬೇರಿಂಗ್. ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಅಲ್ಲಿ ಕೂಲೆಂಟ್ ಸೋರಿದ ಕಲೆ ಕಂಡರೆ ಒಳಗಿನ ಸೀಲ್ ಹೋಗಿದೆ. ಆ ತೂತನ್ನು ಎಂಸೀಲ್ ಹಾಕಿ ಮುಚ್ಚಿದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ, ಅದು ಸೋರಲೆಂದೇ ಇಟ್ಟ ತೂತು. ಕೊನೆಗೆ ಒಂದು ನೇರವಾದ ಉಕ್ಕಿನ ಪಟ್ಟಿಯನ್ನು ಪುಲ್ಲಿಗಳ ಮುಖಕ್ಕೆ ಅಡ್ಡ ಹಿಡಿದು ಎಲ್ಲ ಒಂದೇ ಸಾಲಿನಲ್ಲಿವೆಯಾ ಅಂತ ನೋಡಿ. ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರ್ ರಿಪೇರಿಯಾಗಿ ಬಂದಾಗ ವಾಷರ್ ಒಂದು ಕಡೆಯದು ಇನ್ನೊಂದು ಕಡೆಗೆ ಸೇರಿರುತ್ತದೆ. ಬೆಲ್ಟಿನ ಒಂದೇ ಪಕ್ಕ ಸವೆದಿದ್ದರೆ ಕಾರಣ ಇದೇ.

ಬೆಲ್ಟು ಕೊಳ್ಳುವಾಗ ಹಳೆಯದನ್ನು ತೆಗೆದುಕೊಂಡು ಹೋಗಿ, ಆದರೆ ಅದರ ಉದ್ದಕ್ಕೆ ಹೊಸದನ್ನು ಅಳೆಯಬೇಡಿ. ಹಳೆಯದು ಹಿಗ್ಗಿರುತ್ತದೆ. ಮೇಲಿನ ನಂಬರ್ ಓದಿ. ಪಂಪಿಗೆ, ಮಿಲ್ಲಿಗೆ ಬರುವ ಬೆಲ್ಟಿನಲ್ಲಿ ಎ 38, ಬಿ 52 ಅಂತ ಇರುತ್ತದೆ. ಎ ಅಂದರೆ ಮೇಲ್ಭಾಗ 13 ಮಿ.ಮೀ. ಅಗಲ, ಬಿ ಅಂದರೆ 17. ಮುಂದಿನ ಸಂಖ್ಯೆ ಒಳಗಿನ ಉದ್ದ, ಇಂಚಿನಲ್ಲಿ. ಗಾಡಿಯ ಬೆಲ್ಟುಗಳಲ್ಲಿ ಅಗಲ, ಉದ್ದ ಎರಡೂ ಮಿಲಿಮೀಟರಿನಲ್ಲೇ ಇರುತ್ತವೆ. ಎ ಬೆಲ್ಟೂ ಗಾಡಿಯ ಬೆಲ್ಟೂ ನೋಡಲು ಒಂದೇ ಥರ ಇದ್ದರೆ ಬಳಸಬಹುದಲ್ವಾ ಅಂತ ಕೇಳುವವರಿದ್ದಾರೆ. ಸಿಕ್ಕಿಬಿದ್ದಾಗ ಸರಿ. ಖಾಯಂ ಮಾಡಬೇಡಿ. ಗಾಡಿಯ ಸಣ್ಣ ಪುಲ್ಲಿಯಲ್ಲಿ ಆ ವೇಗಕ್ಕೆ, ಆ ಬಿಸಿಗೆ ಬಾಗಬೇಕೆಂದೇ ಗಾಡಿಯ ಬೆಲ್ಟಿಗೆ ಒಳಗಡೆ ಹಲ್ಲು ಕೊಟ್ಟಿರುವುದು.

ಹೊಸ ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಿ ಪುಲ್ಲಿಗೆ ಹತ್ತಿಸುವುದು ನಮ್ಮಲ್ಲಿ ಸಾಮಾನ್ಯ. ಮಿಲ್ಲಿನಲ್ಲಿ ಹಾಗೇ ಮಾಡುತ್ತಾರೆ. ಒಳಗಿನ ದಾರದ ಎಳೆಗಳು ಅಲ್ಲೇ ತುಂಡಾಗುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಬೇಗ ಹೋದಾಗ "ಡುಪ್ಲಿಕೇಟ್ ಕೊಟ್ಟ" ಅಂತ ಅಂಗಡಿಯವನಿಗೆ ಬೈಗುಳ.

ಟೈಟ್ ಎಷ್ಟು ಬೇಕು ಅನ್ನುವುದೇ ತೋಟದ ಅಭ್ಯಾಸ ಕೈಕೊಡುವ ಮೊದಲ ಜಾಗ. ಬೋರ್ಡೋ ಪಂಪಿನ ಬೆಲ್ಟನ್ನು ನಾವು ಟಣ್ ಅನ್ನುವಷ್ಟು ಎಳೆಯುತ್ತೇವೆ. ವರ್ಷಕ್ಕೆ ಕೆಲವೇ ದಿನ ಓಡುವ ಯಂತ್ರ, ನಡೆಯುತ್ತದೆ. ಆಲ್ಟರ್ನೇಟರಿನ, ನೀರಿನ ಪಂಪಿನ ಬೇರಿಂಗುಗಳು ಆ ಎಳೆತ ತಡೆಯುವುದಿಲ್ಲ. ಎರಡು ಪುಲ್ಲಿಗಳ ನಡುವಿನ ಉದ್ದದ ಜಾಗದಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ, ಸುಮಾರು 10 ಕಿಲೋ ಬಲದಲ್ಲಿ ಒತ್ತಿದಾಗ ಹೆಚ್ಚುಕಡಿಮೆ 10 ಮಿ.ಮೀ. ಬಗ್ಗಿದರೆ ಹಳೆಯ ಗಾಡಿಗಳಿಗೆ ಸಾಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಆಲ್ಟರ್ನೇಟರನ್ನು ಮರದ ತುಂಡಿನಿಂದ ಮೀಟಿ, ಅದೂ ದಪ್ಪ ಇರುವ ಮುಂಭಾಗದಲ್ಲಿ. ತೆಳುವಾದ ಮೈಗೆ ಸಲಾಕೆ ಹಾಕಿದರೆ ಒಡೆಯುತ್ತದೆ. ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ನೋಡಿ. ಹೊಸ ಬೆಲ್ಟು ಪುಲ್ಲಿಯ ತೋಡಿನೊಳಗೆ ಕೂತು ಸ್ವಲ್ಪ ಸಡಿಲವಾಗುವುದು ಸಹಜ. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ.

ಜೀಪಿನ ಮಾತು ಇಲ್ಲಿಗೆ ಸಾಕು. ಹೊಸ ಕಾರುಗಳಲ್ಲಿ ವಿ-ಬೆಲ್ಟಿನ ಜಾಗಕ್ಕೆ ಚಪ್ಪಟೆಯಾದ, ಒಳಬದಿಯಲ್ಲಿ ಉದ್ದಕ್ಕೆ ಉಬ್ಬು ಗೆರೆಗಳಿರುವ ಬೆಲ್ಟು ಬಂದಿದೆ. ಎಲ್ಲ ಪುಲ್ಲಿಗಳನ್ನೂ ಒಂದೇ ಬೆಲ್ಟು ಹಾವಿನಂತೆ ಸುತ್ತಿ ಬರುವ ಈ ವ್ಯವಸ್ಥೆ ಕಾರಿಗೆ ಬಂದದ್ದು 1979ರ ಫೋರ್ಡ್ ಮಸ್ಟಾಂಗ್‌ನಲ್ಲಿ. 6ಪಿಕೆ 1715 ಅಂತ ಇದ್ದರೆ ಆರು ಗೆರೆ, ಉದ್ದ 1715 ಮಿ.ಮೀ. ಗೆರೆಯಿಂದ ಗೆರೆಗೆ 3.56 ಮಿ.ಮೀ. ತೆಳುವಾದ್ದರಿಂದ ಹಿಂದಕ್ಕೂ ಬಾಗುತ್ತದೆ, ಬೆನ್ನಿನಿಂದಲೂ ಪುಲ್ಲಿ ತಿರುಗಿಸುತ್ತದೆ. ಟೈಟ್ ಮಾಡುವ ತಲೆನೋವು ಹಲವು ಕಾರುಗಳಲ್ಲಿ ಇಲ್ಲ, ಸ್ಪ್ರಿಂಗ್ ಇರುವ ಟೆನ್ಷನರ್ ನೋಡಿಕೊಳ್ಳುತ್ತದೆ. ಟೆನ್ಷನರನ್ನು ಸ್ಪಾನರ್ ಹಾಕಿ ತಿರುಗಿಸಿ ಹಿಡಿದುಕೊಂಡರೆ ಬೆಲ್ಟು ಕೈಗೆ ಬರುತ್ತದೆ.

ಆದರೆ ನೋಡಿ ಗುರುತಿಸುವುದು ಕಷ್ಟವಾಗಿದೆ. ಹಿಂದಿನ ಬೆಲ್ಟುಗಳು ನಿಯೋಪ್ರೀನ್ ಎಂಬ ರಬ್ಬರಿನವು. ಹಳತಾದಾಗ ಬಿರುಕು ಬಿಡುತ್ತಿದ್ದವು, ಬಿರುಕು ಕಂಡರೆ ಬದಲಿಸು, ಮುಗಿಯಿತು. ಈಗಿನವು ಇಪಿಡಿಎಂ ಎಂಬ ರಬ್ಬರಿನವು. ನಮ್ಮ ಗುಡ್ಡದ ಮರದಲ್ಲಿ ಇಳಿಯುವ ರಬ್ಬರ್ ಹಾಲಿಗೂ ಇದಕ್ಕೂ ಸಂಬಂಧ ಇಲ್ಲ, ಇದು ಪೆಟ್ರೋಲಿಯಂನಿಂದ ಬಂದದ್ದು. ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಟಯರಿನ ಹಾಗೆ ಸುಮ್ಮನೆ ಸವೆಯುತ್ತಾ ಹೋಗುತ್ತದೆ. ಗೆರೆಗಳ ನಡುವಿನ ಕಣಿವೆ ಮೊದಲು ಚೂಪಾಗಿದ್ದದ್ದು ಅಗಲವಾಗಿ, ದುಂಡಗಾಗಿ ಬರುತ್ತದೆ. ಹೊಸ ಬೆಲ್ಟನ್ನು ಪಕ್ಕದಲ್ಲಿಟ್ಟರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಬಿರುಕಿಗಾಗಿ ಕಾದವರ ಬೆಲ್ಟು ಬಿರುಕೇ ಇಲ್ಲದೆ ಜಾರಲು ಶುರುಮಾಡುತ್ತದೆ. ಎಣ್ಣೆಯನ್ನೂ ಈ ರಬ್ಬರ್ ತಡೆಯುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಮೇಲಿನಿಂದ ಎಂಜಿನ್ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು.

ಸೋಪಿನ ವಿಷಯಕ್ಕೂ ಇಲ್ಲೇ ಬರುತ್ತೇನೆ. ಕೂಗುವ ಪಂಪಿನ ಬೆಲ್ಟಿಗೆ ಬಾರ್ ಸೋಪು ಉಜ್ಜುವುದು ನಮ್ಮ ಹಳೆಯ ಮದ್ದು. ಸದ್ದು ನಿಲ್ಲುತ್ತದೆ, ಮದ್ದು ಬಿಟ್ಟು ಮುಗಿಸಬಹುದು. ಗೆರೆ ಬೆಲ್ಟಿಗೆ ಸೋಪು, ಮೇಣ, ಅಂಗಡಿಯಲ್ಲಿ ಸಿಗುವ ಸ್ಪ್ರೇ ಯಾವುದೂ ಬೇಡ. ಗೆರೆಗಳ ಒಳಗೆ ದೂಳು ಸೇರಿ ಗಟ್ಟಿಯಾಗುತ್ತದೆ, ಸದ್ದು ಹೋಗಿ ಕಾರಣ ಉಳಿಯುತ್ತದೆ. ಸದ್ದನ್ನು ಅಡಗಿಸುವ ಬದಲು ಕೇಳಬೇಕು. ಅದಕ್ಕೆ ಬೇಕಾದದ್ದು ಒಂದು ಬಾಟಲಿ ನೀರು. ಎಂಜಿನ್ ಓಡುತ್ತಿರುವಾಗ ದೂರದಿಂದಲೇ, ಅಂಗಿ ಕೈ ಮಡಚಿ, ಪಂಚೆ ಬಿಟ್ಟು ಪ್ಯಾಂಟ್ ಹಾಕಿ, ಬೆಲ್ಟಿನ ಗೆರೆಯ ಕಡೆಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಜಾಸ್ತಿಯಾದರೆ ಬೆಲ್ಟು ಸಡಿಲ, ಅಥವಾ ಟೆನ್ಷನರ್ ಸೋತಿದೆ. ಕ್ಷಣ ನಿಂತು ಮತ್ತೆ ಚಿಕ್ ಚಿಕ್ ಅಂತ ಶುರುವಾದರೆ ಯಾವುದೋ ಪುಲ್ಲಿ ಸಾಲು ತಪ್ಪಿದೆ. ಏನೂ ಬದಲಾಗದಿದ್ದರೆ ಸದ್ದು ಬೆಲ್ಟಿನದಲ್ಲವೇ ಅಲ್ಲ.

ಕೆಲವನ್ನು ನಾನು ಮುಟ್ಟುವುದಿಲ್ಲ. ಟೈಮಿಂಗ್ ಬೆಲ್ಟು ಮುಚ್ಚಳದ ಒಳಗಿರುವ ಹಲ್ಲಿನ ಬೆಲ್ಟು, ಅದರ ಕೆಲಸವೇ ಬೇರೆ. ಒಂದು ಹಲ್ಲು ತಪ್ಪಿ ಕೂತರೂ ಎಂಜಿನ್ ಸರಿ ಓಡುವುದಿಲ್ಲ, ಕೆಲವು ಎಂಜಿನ್ನುಗಳಲ್ಲಿ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ಟೆನ್ಷನರೇ ಇಲ್ಲದೆ ಹಿಗ್ಗಿಸಿ ಹಾಕುವ ಬೆಲ್ಟಿಗೆ ಬೇರೆ ಸಲಕರಣೆ ಬೇಕು. ಬೆಲ್ಟಿನಿಂದಲೇ ಎಂಜಿನ್ ಸ್ಟಾರ್ಟ್ ಆಗುವ ಸಣ್ಣ ಹೈಬ್ರಿಡ್ ಕಾರುಗಳೂ ಗ್ಯಾರೇಜಿಗೇ ಹೋಗಲಿ.

ಕಳೆದ ಮಳೆಗಾಲದಲ್ಲಿ ಭಾವ ಬಂದರು. ಕಾರು ಸದ್ದು ಮಾಡುತ್ತಿತ್ತು, ಮಂಗಳೂರಿನಿಂದ ಬರುವಾಗಲೇ ಹೊಸ ಬೆಲ್ಟು ತಂದಿದ್ದರು. "ಭಾವ, ನಿಮಗೆ ಅರ್ಧ ಗಂಟೆಯ ಕೆಲಸ ಅಲ್ವಾ, ಊಟಕ್ಕೆ ಮೊದಲು ಹಾಕಿಬಿಡಿ" ಅಂದರು. ನೀರು ಚಿಮುಕಿಸಿದೆ. ಸದ್ದು ಏರಲೂ ಇಲ್ಲ, ಇಳಿಯಲೂ ಇಲ್ಲ. ಬೆಲ್ಟು ತೆಗೆದು ಪುಲ್ಲಿ ತಿರುಗಿಸುತ್ತಾ ಬಂದರೆ ಬೆಲ್ಟಿಗೆ ದಾರಿ ತೋರಿಸಲೆಂದು ಇರುವ ಸಣ್ಣ ಐಡ್ಲರ್ ಪುಲ್ಲಿ ಗರಗರ ಅಂದಿತು. ಬೆಲ್ಟಿನ ಕಣಿವೆ ಇನ್ನೂ ಚೂಪಾಗಿತ್ತು. ಇಚ್ಚನಿಗೆ ಫೋನ್ ಮಾಡಿದೆ, ಐಡ್ಲರ್ ಅವರ ಹತ್ತಿರವೇ ಇತ್ತು. ಭಾವ ಸ್ಕೂಟರಿನಲ್ಲಿ ಹೋಗಿ ತಂದರು, ಊಟಕ್ಕೆ ತಡವಾಯಿತು, ಹಳೆಯ ಬೆಲ್ಟೇ ಮತ್ತೆ ಕೂತಿತು.

ಬಿಚ್ಚದ ಹೊಸ ಬೆಲ್ಟು ಇನ್ನೂ ನಮ್ಮ ಮನೆಯಲ್ಲೇ ಇದೆ. ಬಿಲ್ಲು ಇಲ್ಲದೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಬಿಲ್ಲು ಕೇಳಿದರೆ ಭಾವ, "ನೀವೇ ಹಾಕುತ್ತೀರಿ ಅಂತ ನಾನು ಅದನ್ನು ಇಟ್ಟುಕೊಳ್ಳಲೇ ಇಲ್ಲ" ಅನ್ನುತ್ತಾರೆ.